ಏಳರೊಳಗೆ ಇರಲಿ ಅಂತಾರಲ್ಲ, ಆ ಏಳು ಬಂದಿದ್ದು ಎಲ್ಲಿಂದ?

‘ಮೂರು ತಿಂಗಳ ಶುಗರ್ ಏಳರೊಳಗೆ ಇರಲಿ’ ಎಂದು ಡಾಕ್ಟರುಗಳು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇರುವವರ ಮನೆಗಳಲ್ಲಿ ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ. ‘ಶುಗರ್ ಇನ್ನೂರು ದಾಟಿದೆ ಅಂತಾರೆ, ಆದ್ರೆ ನನಗೇನೂ ಆಗ್ತಿಲ್ಲ. ಊಟ ಸೇರುತ್ತೆ, ನಿದ್ದೆ ಬರುತ್ತೆ, ಓಡಾಡ್ತೀನಿ. ಮತ್ತೆ ಇಷ್ಟೊಂದು ಮಾತ್ರೆ ಯಾಕೆ?’

ಇದು ಹಟದ ಮಾತಲ್ಲ, ನ್ಯಾಯವಾದ ಪ್ರಶ್ನೆ. ಜ್ವರದ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಸಂಜೆಯೊಳಗೆ ಗೊತ್ತಾಗುತ್ತದೆ. ಶುಗರ್ ಮಾತ್ರೆ ಹಾಗಲ್ಲ. ಅದು ತಡೆಯಬೇಕಾದದ್ದು ಹತ್ತು, ಹದಿನೈದು ವರ್ಷ ಕಳೆದ ಮೇಲೆ ಬರಬಹುದಾದ ಕಣ್ಣಿನ ತೊಂದರೆಯನ್ನು, ಕಿಡ್ನಿ ತೊಂದರೆಯನ್ನು, ಹೃದಯಾಘಾತವನ್ನು. ಬಾರದೇ ಹೋದ ಕಾಯಿಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಮಾತ್ರೆಯಿಂದ ತಪ್ಪಿತೋ, ಮಾತ್ರೆ ಇಲ್ಲದಿದ್ದರೂ ಬರುತ್ತಿರಲಿಲ್ಲವೋ? ಒಬ್ಬರ ದೇಹವನ್ನು ನೋಡಿ ಇದನ್ನು ಹೇಳಲು ಎಂಥ ದೊಡ್ಡ ಡಾಕ್ಟರಿಗೂ ಆಗುವುದಿಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಮಾತ್ರ ಅದು ಕಾಣುತ್ತದೆ. ಹಾಗೆ ನೋಡಿದ ಅಧ್ಯಯನಗಳು ಹೇಗೆ ನಡೆದವು, ಏನು ಕಂಡವು ಅನ್ನುವುದು ಪ್ರತಿ ರೋಗಿಗೂ ಗೊತ್ತಿರಬೇಕು. ಯಾಕೆಂದರೆ ಕೈಯಲ್ಲಿರುವ ಮಾತ್ರೆ ಚೀಟಿಗೆ ಕಾರಣ ಅವೇ.

ಮೊದಲು ದೇಹದೊಳಗಿನ ಕಥೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಾಗ ನಮ್ಮ ಬಹಳಷ್ಟು ಜೀವಕೋಶಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಕಣ್ಣಿನ ರೆಟಿನಾ, ಕಿಡ್ನಿ, ನರ, ಈ ಮೂರು ಕಡೆಯ ಕೆಲವು ಜೀವಕೋಶಗಳಿಗೆ ಆ ಶಕ್ತಿ ಇಲ್ಲ. ಹೊರಗೆಷ್ಟು ಸಕ್ಕರೆಯೋ ಒಳಗೂ ಅಷ್ಟೇ ತುಂಬಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳು ಹಾಳಾಗುತ್ತವೆ. ರೆಟಿನಾದಲ್ಲಿ ನಾಳದ ಗೋಡೆ ಅಲ್ಲಲ್ಲಿ ಉಬ್ಬಿ ಸೋರುತ್ತದೆ, ಕೆಲವು ಮುಚ್ಚಿಹೋಗುತ್ತವೆ, ಅವುಗಳ ಬದಲಿಗೆ ಬೆಳೆಯುವ ಹೊಸ ನಾಳಗಳು ಸುಲಭವಾಗಿ ಒಡೆದು ಕಣ್ಣೊಳಗೆ ರಕ್ತ ಚೆಲ್ಲುತ್ತವೆ. ಪ್ರತಿ ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಸೋಸುಕಗಳಿವೆ. ಕಾಫಿ ಫಿಲ್ಟರಿನ ತೂತು ದೊಡ್ಡದಾದರೆ ಡಿಕಾಕ್ಷನ್ ಜೊತೆ ಪುಡಿಯೂ ಇಳಿಯುತ್ತದಲ್ಲ, ಹಾಗೆ ಇಲ್ಲಿ ಆಲ್ಬುಮಿನ್ ಅನ್ನುವ ಪ್ರೊಟೀನ್ ಮೂತ್ರಕ್ಕೆ ಇಳಿಯತೊಡಗುತ್ತದೆ. ನರಗಳಲ್ಲಿ ಅತಿ ಉದ್ದದವು ಮೊದಲು ಸೋಲುತ್ತವೆ. ಅದಕ್ಕೇ ಎರಡೂ ಪಾದಗಳಿಗೆ ಮೊದಲು ಜೋಮು. ಚಪ್ಪಲಿಯೊಳಗೆ ಕಲ್ಲು ಚುಚ್ಚುತ್ತಿದ್ದರೂ ಗೊತ್ತಾಗುವುದಿಲ್ಲ.

ಈ ಮೂರರಲ್ಲೂ ಶುರುವಿನಲ್ಲಿ ನೋವಿಲ್ಲ, ದೃಷ್ಟಿ ಮಂಜಾಗುವುದಿಲ್ಲ, ಮೂತ್ರದ ಬಣ್ಣ ಬದಲಾಗುವುದಿಲ್ಲ. ಹೃದಯ ಮತ್ತು ಮಿದುಳಿನ ದೊಡ್ಡ ರಕ್ತನಾಳಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಸಕ್ಕರೆಯ ಜೊತೆಗೆ ಬಿಪಿ, ಕೊಲೆಸ್ಟರಾಲ್, ಬೀಡಿ-ಸಿಗರೇಟು ಎಲ್ಲವೂ ಸೇರಿ ಕೆಲಸ ಮಾಡುತ್ತವೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಕ್ಕರೆ ಇಳಿಸಿದರೆ ಈ ಹಾನಿ ನಿಲ್ಲುತ್ತದೆ ಅನ್ನುವುದು ಇವತ್ತು ಎಲ್ಲರಿಗೂ ಸಹಜವಾಗಿ ತೋರುತ್ತದೆ. ಐವತ್ತು ವರ್ಷದ ಹಿಂದೆ ಡಾಕ್ಟರುಗಳೇ ಇದರ ಬಗ್ಗೆ ಎರಡು ಪಂಗಡವಾಗಿದ್ದರು. ಸಕ್ಕರೆ ಹೆಚ್ಚುವುದೂ ಕಣ್ಣು, ಕಿಡ್ನಿ ಕೆಡುವುದೂ ಒಂದೇ ಕಾಯಿಲೆಯ ಎರಡು ಮುಖ, ಒಂದನ್ನು ಸರಿಮಾಡಿದರೆ ಇನ್ನೊಂದು ಸರಿಹೋಗುತ್ತದೆ ಅನ್ನುವ ಹಾಗಿಲ್ಲ ಎಂದು ಕೆಲವರು ವಾದಿಸುತ್ತಿದ್ದರು. ಅದರ ಮೇಲೆ 1970ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆಗ ತುಂಬ ಬಳಕೆಯಲ್ಲಿದ್ದ ಟಾಲ್ಬುಟಮೈಡ್ ಮಾತ್ರೆ ತಗೊಂಡವರಲ್ಲಿ ಹೃದಯದ ಸಾವುಗಳು ಜಾಸ್ತಿ ಕಂಡವು. ಆ ಅಧ್ಯಯನ ಸರಿಯೋ ತಪ್ಪೋ ಎಂದು ವರ್ಷಗಟ್ಟಲೆ ಜಗಳ ನಡೆಯಿತು.

ಆಸ್ಪತ್ರೆಯ ದಾಖಲೆ ತೆಗೆದು ಶುಗರ್ ಚೆನ್ನಾಗಿದ್ದವರನ್ನೂ ಇಲ್ಲದವರನ್ನೂ ಹೋಲಿಸಿದರೆ ಸಾಲದೇ ಅಂತ ಅನಿಸಬಹುದು. ಸಾಲದು. ಶುಗರ್ ಚೆನ್ನಾಗಿ ಇಟ್ಟುಕೊಂಡವರು ಬೇರೆ ವಿಷಯಗಳಲ್ಲೂ ಬೇರೆಯೇ ಇರುತ್ತಾರೆ. ಅವರ ಕಾಯಿಲೆಯೇ ಸೌಮ್ಯವಾಗಿರಬಹುದು. ಕೈಯಲ್ಲಿ ದುಡ್ಡಿರಬಹುದು, ವಾಕಿಂಗ್ ಹೋಗಲು ಸಮಯವಿರಬಹುದು. ಅವರ ಕಣ್ಣು ಉಳಿದದ್ದು ಯಾವುದರಿಂದ? ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೆ ಇರುವ ದಾರಿ ಒಂದೇ. ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಯಾರು ಯಾವ ಗುಂಪಿಗೆ ಅನ್ನುವುದನ್ನು ಡಾಕ್ಟರೂ ನಿರ್ಧರಿಸಬಾರದು, ರೋಗಿಯೂ ನಿರ್ಧರಿಸಬಾರದು. ಆಗ ಬಡವ-ಶ್ರೀಮಂತ, ಸೌಮ್ಯ-ತೀವ್ರ ಎಲ್ಲವೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಕೊನೆಯಲ್ಲಿ ಉಳಿಯುವ ದೊಡ್ಡ ವ್ಯತ್ಯಾಸ ಚಿಕಿತ್ಸೆ ಮಾತ್ರ.

ಅಳೆಯಲು ಒಂದು ನಂಬಿಕಸ್ಥ ಅಳತೆಯೂ ಬೇಕಿತ್ತು. ಫಾಸ್ಟಿಂಗ್ ಶುಗರ್ ಹಿಂದಿನ ರಾತ್ರಿಯ ಊಟದ ಮೇಲೂ ಏರಿಳಿಯುತ್ತದೆ. 1960ರ ದಶಕದ ಕೊನೆಯಲ್ಲಿ ತೆಹ್ರಾನಿನ ಸ್ಯಾಮ್ಯುಯೆಲ್ ರಹಬರ್ ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ನಿನಲ್ಲಿ ಒಂದು ಬಗೆ ಹೆಚ್ಚಿರುವುದನ್ನು ಗುರುತಿಸಿದರು. ರಕ್ತದ ಸಕ್ಕರೆ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಗುವ ಬಗೆ ಅದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಅಂಟಿದ ಪಾಲು ನೂರಕ್ಕೆ ಎಷ್ಟು ಎಂದು ನೋಡಿದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಿಗುತ್ತದೆ. ಅದೇ ನಮ್ಮ ಎಚ್‌ಬಿಎ1ಸಿ, ಜನರ ಮಾತಿನಲ್ಲಿ ‘ಮೂರು ತಿಂಗಳ ಶುಗರ್’. ಒಂದು ಎಚ್ಚರಿಕೆ. ಕಬ್ಬಿಣಾಂಶದ ಕೊರತೆ ಇದ್ದರೆ ಇದು ನಿಜಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಲೆಕ್ಕ ತಪ್ಪಬಹುದು. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಡಾಕ್ಟರಿಗೆ ನೆನಪಿಸುವುದು ಒಳ್ಳೆಯದು.

ಎರಡು ಅಧ್ಯಯನಗಳು, ಒಂದು ಅಂಕಿ

ಮೊದಲ ಉತ್ತರ ಬಂದದ್ದು ಟೈಪ್ 1 ಕಾಯಿಲೆಯವರಿಂದ. ಅಂದರೆ ಇನ್ಸುಲಿನ್ ಇಲ್ಲದೆ ಬದುಕಲಾಗದವರಿಂದ. ಅಮೆರಿಕ ಮತ್ತು ಕೆನಡಾದಲ್ಲಿ 1983ರಲ್ಲಿ ಶುರುವಾದ ಡಿಸಿಸಿಟಿ ಅಧ್ಯಯನದಲ್ಲಿ 1,441 ಜನ ಇದ್ದರು. ಅರ್ಧ ಜನಕ್ಕೆ ಆಗಿನ ರೂಢಿಯಂತೆ ದಿನಕ್ಕೆ ಒಂದೆರಡು ಇಂಜೆಕ್ಷನ್. ಉಳಿದವರಿಗೆ ಬಿಗಿ ಚಿಕಿತ್ಸೆ, ಅಂದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಇಂಜೆಕ್ಷನ್, ಇಲ್ಲವೇ ಇನ್ಸುಲಿನ್ ಪಂಪ್, ಜೊತೆಗೆ ದಿನಕ್ಕೆ ನಾಲ್ಕು ಸಲವಾದರೂ ಬೆರಳು ಚುಚ್ಚಿ ಪರೀಕ್ಷೆ. ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು 9ರಲ್ಲಿ ನಿಂತಿತು, ಇನ್ನೊಂದರದು ಸುಮಾರು 7ರಲ್ಲಿ. ಸರಾಸರಿ ಆರೂವರೆ ವರ್ಷ ಕಳೆಯುವ ಹೊತ್ತಿಗೆ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, 1993ರಲ್ಲಿ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಶುರುವಿನಲ್ಲಿ ಕಣ್ಣು ಚೆನ್ನಾಗಿದ್ದವರಲ್ಲಿ ರೆಟಿನಾ ಹಾನಿಯ ಅಪಾಯ 76% ಇಳಿದಿತ್ತು. ನರದ ತೊಂದರೆ 60% ಕಡಿಮೆ. ಕಾಯಿಲೆಯ ಎರಡು ಮುಖ ಅನ್ನುವ ವಾದ ಅಲ್ಲಿಗೆ ಮುಗಿಯಿತು.

ಅದಕ್ಕೆ ತೆತ್ತ ಬೆಲೆಯೂ ಇತ್ತು. ಶುಗರ್ ಅತಿಯಾಗಿ ಇಳಿದು ಬೇರೆಯವರ ಸಹಾಯ ಬೇಕಾಗುವ ಸ್ಥಿತಿ ಬಿಗಿ ಚಿಕಿತ್ಸೆಯವರಲ್ಲಿ ಮೂರು ಪಟ್ಟು ಹೆಚ್ಚಿತ್ತು. ಇನ್ನೊಂದು ವಿಚಿತ್ರವೂ ಕಂಡಿತು. ಶುಗರ್ ಬೇಗ ಇಳಿಸಿದ ಮೊದಲ ವರ್ಷದಲ್ಲಿ ಕೆಲವರ ರೆಟಿನಾ ತಾತ್ಕಾಲಿಕವಾಗಿ ಇನ್ನಷ್ಟು ಕೆಟ್ಟಿತು, ಆಮೇಲೆ ಲಾಭದ ದಾರಿಗೆ ಬಂತು. ಬಹಳ ದಿನ ಶುಗರ್ ಏರಿಸಿಕೊಂಡಿದ್ದವರು ಇನ್ಸುಲಿನ್ ಶುರುಮಾಡುವ ಮೊದಲು ಕಣ್ಣು ತೋರಿಸಿಕೊಳ್ಳಬೇಕು ಅನ್ನುವುದು ಇದಕ್ಕೇ. ಇನ್ಸುಲಿನ್ನೇ ಕಣ್ಣು ಕಳೆಯಿತು ಅನ್ನುವ ಮಾತು ಹಳ್ಳಿಗಳಲ್ಲಿ ಹಬ್ಬಲು ಇಂಥ ಘಟನೆಗಳೂ ಕಾರಣವಿರಬಹುದು ಎಂದು ನನಗನಿಸುತ್ತದೆ. ಮೊದಲೇ ಪರೀಕ್ಷೆ ಮಾಡಿ ವಿವರಿಸಿ ಹೇಳಿದ್ದರೆ ಆ ಭಯ ಹುಟ್ಟುತ್ತಿರಲಿಲ್ಲ.

ಆದರೆ ನಮ್ಮ ಸುತ್ತ ಇರುವ ಹೆಚ್ಚಿನವರಿಗೆ ಇರುವುದು ಟೈಪ್ 2. ನಡುವಯಸ್ಸಿನಲ್ಲಿ ಬರುವಂಥದ್ದು, ಮನೆತನದಲ್ಲಿ ಹರಿದು ಬರುವಂಥದ್ದು. ಅವರ ಬಗ್ಗೆ ನಡೆದ ಯುಕೆಪಿಡಿಎಸ್ ಅಧ್ಯಯನದಷ್ಟು ತಾಳ್ಮೆಯ ಕೆಲಸ ವೈದ್ಯಕೀಯದಲ್ಲಿ ಕಡಿಮೆ. ಆಕ್ಸ್‌ಫರ್ಡ್‌ನ ರಾಬರ್ಟ್ ಟರ್ನರ್ ಮತ್ತು ರೂರಿ ಹೋಲ್ಮನ್ ಮುಂದಾಳತ್ವದಲ್ಲಿ 1977ರಲ್ಲಿ ಶುರುವಾಯಿತು. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ ಆಗಷ್ಟೇ ಕಾಯಿಲೆ ಪತ್ತೆಯಾದ 5,102 ಜನರನ್ನು ಸೇರಿಸಿಕೊಂಡರು. ಅವರಲ್ಲಿ ನೂರಕ್ಕೆ ಹತ್ತು ಜನ ಭಾರತ ಉಪಖಂಡದ ಮೂಲದವರು. ಫಲಿತಾಂಶ ಪ್ರಕಟವಾದದ್ದು 1998ರಲ್ಲಿ. ಟರ್ನರ್ ಅದರ ಮರುವರ್ಷವೇ ತೀರಿಕೊಂಡರು.

ಆ ಕಾಲದ ರೂಢಿ ಹೇಗಿತ್ತು ನೋಡಿ. ಸಾಧಾರಣ ಚಿಕಿತ್ಸೆಯ ಗುಂಪಿನವರಿಗೆ ಮುಖ್ಯವಾಗಿ ಪಥ್ಯ. ಸುಸ್ತು, ಬಾಯಾರಿಕೆಯಂಥ ಲಕ್ಷಣ ಇಲ್ಲದಿದ್ದರೆ ಫಾಸ್ಟಿಂಗ್ 270ರವರೆಗೆ ಏರಿದರೂ ಮಾತ್ರೆ ಸೇರಿಸುತ್ತಿರಲಿಲ್ಲ! ಬಿಗಿ ಚಿಕಿತ್ಸೆಯ ಗುಂಪಿಗೆ ಮಾತ್ರೆ ಅಥವಾ ಇನ್ಸುಲಿನ್, ಗುರಿ ಫಾಸ್ಟಿಂಗ್ 108ರ ಒಳಗೆ. ಹತ್ತು ವರ್ಷಗಳ ಎಚ್‌ಬಿಎ1ಸಿ ಲೆಕ್ಕ ಹಾಕಿದಾಗ ಒಂದು ಕಡೆ 7.9, ಇನ್ನೊಂದು ಕಡೆ 7.0.

ಡಿಸಿಸಿಟಿಯಲ್ಲೂ ಸುಮಾರು ಏಳು, ಇಲ್ಲೂ ಏಳು. ಡಾಕ್ಟರ್ ಹೇಳುವ ಏಳರ ಹಿಂದಿರುವುದು ಇದೇ. ಏಳಕ್ಕೆ ಮುಟ್ಟಿದ ಕೂಡಲೇ ಕಾಯಿಲೆ ಬಾಗಿಲು ಮುಚ್ಚಿಕೊಳ್ಳುತ್ತದೆ ಅಂತಲ್ಲ. ಚೆನ್ನಾಗಿ ಚಿಕಿತ್ಸೆ ಪಡೆದವರು ನಿಜವಾಗಿ ತಲುಪಿ, ಅದರಿಂದ ಲಾಭ ಆಯಿತೆಂದು ಸಾಬೀತಾದ ಜಾಗ ಅದು.

ಲಾಭ ಎಷ್ಟು? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪತ್ರಿಕೆಗಳಲ್ಲಿ ಬಂದದ್ದು ‘ತೊಂದರೆಗಳು 12% ಕಡಿಮೆ’ ಎಂದು. ಹಾಗೆಂದರೇನು? ಸಾಧಾರಣ ಗುಂಪಿನ ಸಾವಿರ ಜನರಲ್ಲಿ ವರ್ಷಕ್ಕೆ 46 ಜನಕ್ಕೆ ಸಕ್ಕರೆ ಕಾಯಿಲೆಯ ಯಾವುದಾದರೂ ತೊಂದರೆ ಆಗುತ್ತಿತ್ತು. ಬಿಗಿ ಗುಂಪಿನಲ್ಲಿ 41 ಜನಕ್ಕೆ. ಸಾವಿರಕ್ಕೆ ಐದು ಜನ ಪಾರಾದರು. ಹತ್ತು ವರ್ಷ ಲೆಕ್ಕ ಹಿಡಿದರೆ ಇಪ್ಪತ್ತು ಜನ ಬಿಗಿ ಚಿಕಿತ್ಸೆ ಪಡೆದಾಗ ಒಬ್ಬರಿಗೆ ಒಂದು ತೊಂದರೆ ತಪ್ಪಿತು. ಶೇಕಡಾವಾರು ಕೇಳಿದಾಗ ಒಂದು ಥರ ಅನಿಸುತ್ತದೆ, ತಲೆ ಎಣಿಸಿದಾಗ ಇನ್ನೊಂದು ಥರ, ಅಲ್ವಾ? ಎರಡೂ ನಿಜ. ಔಷಧಿಯ ಜಾಹೀರಾತಿನಲ್ಲಿ ದೊಡ್ಡ ಶೇಕಡಾ ಕಂಡಾಗ ‘ಎಷ್ಟು ಜನರಲ್ಲಿ, ಎಷ್ಟು ವರ್ಷಕ್ಕೆ?’ ಎಂದು ಕೇಳುವ ಅಭ್ಯಾಸ ನಮಗೆಲ್ಲ ಬರಬೇಕು.

ಸಣ್ಣ ರಕ್ತನಾಳದ ತೊಂದರೆಗಳು ಅಂದರೆ ಮುಖ್ಯವಾಗಿ ಕಣ್ಣು, ಕಿಡ್ನಿಯವು 25% ಇಳಿದಿದ್ದವು. ಹೃದಯಾಘಾತ ಮಾತ್ರ ಆಗ ಖಚಿತವಾಗಿ ಇಳಿದಿರಲಿಲ್ಲ. 16% ಕಡಿಮೆ ಕಂಡರೂ ಅದು ಅದೃಷ್ಟದ ಆಟವೂ ಇರಬಹುದಾದಷ್ಟು ಅಂಚಿನಲ್ಲಿತ್ತು. ಬದಲಿಗೆ ಅದೇ ಅಧ್ಯಯನದ ಇನ್ನೊಂದು ಭಾಗ ಕಣ್ಣು ತೆರೆಸಿತು. ಬಿಪಿಯೂ ಇದ್ದ 1,148 ಜನರಲ್ಲಿ ಒಂದು ಗುಂಪಿನ ಬಿಪಿ ಸರಾಸರಿ 154/87, ಇನ್ನೊಂದರದು 144/82. ಹತ್ತೇ ಪಾಯಿಂಟು. ಅಷ್ಟಕ್ಕೇ ಪಾರ್ಶ್ವವಾಯು 44% ಕಡಿಮೆ, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು 32% ಕಡಿಮೆ. ಶುಗರ್ ಇರುವವರು ಬಿಪಿ ಮಾತ್ರೆಯನ್ನು ‘ಅದೇನು ಬಿಡಿ, ಸ್ವಲ್ಪ ಇದೆ ಅಷ್ಟೇ’ ಎಂದು ಬಿಟ್ಟುಬಿಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯುಕೆಪಿಡಿಎಸ್ ಹೇಳಿದ ಇನ್ನೊಂದು ವಿಷಯ ರೋಗಿಗಳಿಗೆ ಸಮಾಧಾನ ಕೊಡಬೇಕು. ಎರಡೂ ಗುಂಪಿನಲ್ಲಿ ಶುಗರ್ ವರ್ಷದಿಂದ ವರ್ಷಕ್ಕೆ ಮೇಲೇರುತ್ತಲೇ ಹೋಯಿತು. ಒಂದೇ ಮಾತ್ರೆಯಲ್ಲಿ ಒಂಬತ್ತು ವರ್ಷದ ನಂತರವೂ ಏಳರೊಳಗೆ ಉಳಿದವರು ಸುಮಾರು ನಾಲ್ಕರಲ್ಲಿ ಒಬ್ಬರು. ಇನ್ಸುಲಿನ್ ಮಾಡುವ ಜೀವಕೋಶಗಳು ನಿಧಾನವಾಗಿ ಸೋಲುವುದು ಈ ಕಾಯಿಲೆಯ ಗುಣ. ಹಾಗಾಗಿ ಡೋಸ್ ಹೆಚ್ಚಿಸಿದರೆ, ಇನ್ನೊಂದು ಮಾತ್ರೆ ಸೇರಿಸಿದರೆ ಅದು ನಿಮ್ಮ ಪಥ್ಯದ ತಪ್ಪೇ ಆಗಿರಬೇಕಿಲ್ಲ. ಪತ್ತೆಯಾದ ದಿನವೇ ಸುಮಾರು ಅರ್ಧದಷ್ಟು ಜನರಲ್ಲಿ ಯಾವುದೋ ಒಂದು ಹಾನಿ ಶುರುವಾಗಿತ್ತು ಅನ್ನುವುದೂ ಅಲ್ಲೇ ಗೊತ್ತಾಯಿತು.

ಅಧ್ಯಯನ ಮುಗಿದ ಮೇಲೆ

1997ರಲ್ಲಿ ಯುಕೆಪಿಡಿಎಸ್ ಮುಗಿದಾಗ ಎಲ್ಲರನ್ನೂ ಅವರವರ ಊರಿನ ಡಾಕ್ಟರ ಬಳಿಗೆ ಕಳಿಸಿದರು. ಒಂದೇ ವರ್ಷದಲ್ಲಿ ಎರಡೂ ಗುಂಪಿನ ಶುಗರ್ ಒಂದೇ ಮಟ್ಟಕ್ಕೆ ಬಂತು. ಲಾಭವೂ ಕರಗಿಹೋಗುತ್ತದೆ ಎಂದು ಯಾರಾದರೂ ಎಣಿಸಬಹುದಿತ್ತು. ಹತ್ತು ವರ್ಷ ಬಿಟ್ಟು ನೋಡಿದರೆ ಅದು ಬೆಳೆದಿತ್ತು. ಶುರುವಿನಿಂದ ಬಿಗಿಯಾಗಿ ಇಟ್ಟುಕೊಂಡಿದ್ದವರಲ್ಲಿ ಹೃದಯಾಘಾತ 15% ಕಡಿಮೆ, ಸಾವು 13% ಕಡಿಮೆ, ಈಗ ಅನುಮಾನಕ್ಕೆ ಎಡೆಯಿಲ್ಲದಷ್ಟು ಖಚಿತವಾಗಿ. ತೂಕ ಹೆಚ್ಚಿದ್ದು ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡಿದ್ದವರಲ್ಲಿ ಲಾಭ ಇನ್ನೂ ದೊಡ್ಡದು. 2024ರಲ್ಲಿ ಪ್ರಕಟವಾದ ಮುಂದುವರಿಕೆಯಲ್ಲೂ ಈ ಅಂತರ ಮುಚ್ಚಿಹೋಗಿರಲಿಲ್ಲ. ಮೊದಲ ವರ್ಷಗಳ ಸಕ್ಕರೆಯನ್ನು ದೇಹ ನೆನಪಿಟ್ಟುಕೊಳ್ಳುತ್ತದೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ.

ಬಿಪಿ ಮಾತ್ರ ಹಾಗಲ್ಲ. ಎರಡು ಗುಂಪಿನ ಬಿಪಿ ಸಮನಾದಂತೆ ಅದರ ಲಾಭವೂ ಮಾಯವಾಯಿತು. ಅಂದರೆ ಬಿಪಿ ಮಾತ್ರೆಯ ರಕ್ಷಣೆ ಅದನ್ನು ತಗೊಳ್ಳುವವರೆಗೆ ಮಾತ್ರ. ಮೂರು ತಿಂಗಳು ನುಂಗಿ, ಬಿಪಿ ಸರಿಯಾಯಿತೆಂದು ನಿಲ್ಲಿಸುವವರಿಗೆ ಇದಕ್ಕಿಂತ ನೇರ ಉತ್ತರ ಬೇರೆ ಇಲ್ಲ.

ಹಾಗಾದರೆ ಏಳಕ್ಕಿಂತ ಆರು ಇನ್ನೂ ಒಳ್ಳೆಯದಲ್ಲವೇ? ಅಮೆರಿಕ ಮತ್ತು ಕೆನಡಾದ ಅಕಾರ್ಡ್ ಅಧ್ಯಯನ ಇದನ್ನೇ ಕೇಳಿತು. ಸರಾಸರಿ 62 ವಯಸ್ಸಿನ, ಸುಮಾರು ಹತ್ತು ವರ್ಷದಿಂದ ಕಾಯಿಲೆ ಇದ್ದ, ಹೃದಯದ ಅಪಾಯ ಹೆಚ್ಚಿದ್ದ 10,251 ಜನ. ಒಂದು ಗುಂಪಿಗೆ ಗುರಿ 6ರ ಕೆಳಗೆ. 2008ರ ಫೆಬ್ರವರಿಯಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಬಿಗಿ ಗುಂಪಿನಲ್ಲಿ 257 ಸಾವು, ಇನ್ನೊಂದರಲ್ಲಿ 203. ಶುಗರ್ ಅತಿಯಾಗಿ ಇಳಿಯುವುದು, ತೂಕ ಏರುವುದು ಎರಡೂ ಬಿಗಿ ಗುಂಪಿನಲ್ಲಿ ಜಾಸ್ತಿ ಇದ್ದವು. ಸಾವಿಗೆ ಕಾರಣ ಇದೇ ಎಂದು ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಅದೇ ವರ್ಷ ಬಂದ ಅಡ್ವಾನ್ಸ್ ಅಧ್ಯಯನದಲ್ಲಿ ಭಾರತವೂ ಸೇರಿ 20 ದೇಶಗಳ 11,140 ಜನ ಇದ್ದರು. ಅಲ್ಲಿ ಶುಗರನ್ನು ನಿಧಾನವಾಗಿ 6.5ಕ್ಕೆ ಇಳಿಸಿದರು. ಸಾವು ಹೆಚ್ಚಲಿಲ್ಲ, ಕಿಡ್ನಿ ತೊಂದರೆ 21% ಕಡಿಮೆಯಾಯಿತು.

ಇವೆಲ್ಲ ಸೇರಿ ಹೇಳುವುದು ಇಷ್ಟು. ನಲವತ್ತರ ವಯಸ್ಸಿನಲ್ಲಿ ಈಗಷ್ಟೇ ಕಾಯಿಲೆ ಪತ್ತೆಯಾದ ಮಗನಿಗೂ, ಇಪ್ಪತ್ತು ವರ್ಷದಿಂದ ಶುಗರ್ ಇದ್ದು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಎಪ್ಪತ್ತೈದರ ತಂದೆಗೂ ಗುರಿ ಒಂದೇ ಅಲ್ಲ. ಮಗ ಏಳರೊಳಗೆ ಇರಬೇಕು, ಈಗಿನಿಂದಲೇ. ತಂದೆಗೆ 8ರ ಆಸುಪಾಸು ಸಾಕು ಎಂದು ಡಾಕ್ಟರ್ ಹೇಳಿದರೆ ಅದು ಅಸಡ್ಡೆ ಅಲ್ಲ. ರಾತ್ರಿ ಶುಗರ್ ಇಳಿದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ಆ ವಯಸ್ಸಿನಲ್ಲಿ ದೊಡ್ಡ ಅಪಾಯ. ನಮ್ಮಲ್ಲಿ ಬಹಳ ಸಲ ಇದು ಉಲ್ಟಾ ನಡೆಯುತ್ತದೆ. ಮಗ ‘ಇನ್ನೂ ಚಿಕ್ಕ ವಯಸ್ಸು, ಪಥ್ಯದಲ್ಲೇ ನೋಡ್ತೀನಿ’ ಎಂದು ಐದು ವರ್ಷ ತಳ್ಳುತ್ತಾನೆ. ಅಪ್ಪನ ತಟ್ಟೆಯನ್ನು ಮಾತ್ರ ಮನೆಯವರೆಲ್ಲ ಸೇರಿ ಕಾಯುತ್ತಾರೆ.

ಡೆನ್ಮಾರ್ಕಿನ ಸ್ಟೆನೋ-2 ಅಧ್ಯಯನದಲ್ಲಿ ಇದ್ದದ್ದು 160 ಜನ ಮಾತ್ರ. ಎಲ್ಲರಿಗೂ ಮೂತ್ರದಲ್ಲಿ ಆಲ್ಬುಮಿನ್ ಶುರುವಾಗಿತ್ತು. ಅರ್ಧ ಜನಕ್ಕೆ ಶುಗರ್, ಬಿಪಿ, ಕೊಲೆಸ್ಟರಾಲ್ ಮೂರನ್ನೂ ಒಟ್ಟಿಗೆ ಹಿಡಿತಕ್ಕೆ ತಂದರು, ಊಟ-ವ್ಯಾಯಾಮವನ್ನೂ ತಿದ್ದಿದರು. ಸುಮಾರು ಎಂಟು ವರ್ಷ. 21 ವರ್ಷದ ಲೆಕ್ಕ ತೆಗೆದಾಗ ಈ ಗುಂಪಿನವರು ಇನ್ನೊಂದು ಗುಂಪಿಗಿಂತ ಸುಮಾರು ಎಂಟು ವರ್ಷ ಹೆಚ್ಚು ಬದುಕಿದ್ದರು. ಹೊಸ ಔಷಧಿ ಯಾವುದೂ ಇರಲಿಲ್ಲ. ಇದ್ದದ್ದನ್ನೇ ಬಿಡದೆ ಮಾಡಿದರು.

ನಮ್ಮ ಜನರ ಲೆಕ್ಕ

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜು: ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಇವರಲ್ಲಿ ಎಷ್ಟು ಜನಕ್ಕೆ ತೊಂದರೆ ಶುರುವಾಗಿದೆ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಕೂತು ಎಣಿಸಿದರೆ ಅಂಕಿ ದೊಡ್ಡದಾಗಿ ಕಾಣುತ್ತದೆ. ದೊಡ್ಡ ಆಸ್ಪತ್ರೆಗೆ ಬರುವವರೇ ಕಾಯಿಲೆ ಹೆಚ್ಚು ಬಲಿತವರಲ್ಲವೇ? ಚೆನ್ನೈಯ ಕ್ಯೂರ್ಸ್ ಅಧ್ಯಯನ ಹಾಗೆ ಮಾಡದೆ ಊರಿನ ಜನರಿಂದಲೇ ಆಯ್ದು ಪರೀಕ್ಷಿಸಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ 17.6% ಜನರ ರೆಟಿನಾದಲ್ಲಿ ಹಾನಿ, ನಾಲ್ಕರಲ್ಲಿ ಒಬ್ಬರಿಗೆ ನರದ ತೊಂದರೆ, ಹೆಚ್ಚುಕಡಿಮೆ ಅಷ್ಟೇ ಜನರ ಮೂತ್ರದಲ್ಲಿ ಆಲ್ಬುಮಿನ್ನಿನ ಮೊದಲ ಸುಳಿವು.

ಹಿಂದಕ್ಕೆ ನೋಡುವ ಅಧ್ಯಯನಗಳೂ ಇವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ದಫ್ತರಿನಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಹಾಗೆ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದರು. ಎರಡೂವರೆ ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ 11% ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ 3%. ಇದು ಸಂಬಂಧ ತೋರಿಸುತ್ತದೆಯೇ ಹೊರತು ಕಾರಣ ಸಾಬೀತು ಮಾಡುವುದಿಲ್ಲ. ಹುಟ್ಟಿನ ತೂಕಕ್ಕೆ ಚೀಟಿ ಎತ್ತಲು ಆಗುವುದಿಲ್ಲವಲ್ಲ. ಆದರೂ ಎಂದೋ ಬರೆದಿಟ್ಟ ತೂಕದ ಸಾಲುಗಳು ಇಷ್ಟು ಹೇಳಿದವು ಅನ್ನುವುದು ನನಗೆ ಹೆಮ್ಮೆಯ ವಿಷಯ.

ಕೊನೆಯದಾಗಿ, ಇತ್ತೀಚಿನ ಔಷಧಿಗಳ ಮಾತು. 2007ರಲ್ಲಿ ರೋಸಿಗ್ಲಿಟಜೋನ್ ಅನ್ನುವ ಶುಗರ್ ಮಾತ್ರೆ ಹೃದಯಾಘಾತ ಹೆಚ್ಚಿಸಬಹುದು ಅನ್ನುವ ಅನುಮಾನ ಎದ್ದಿತು. 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. ಶುಗರ್ ಇಳಿದರೆ ಸಾಲದು, ಹೃದಯಕ್ಕೆ ಅಪಾಯವಿಲ್ಲ ಎಂದೂ ತೋರಿಸಿ ಎಂದು ಅಮೆರಿಕ 2008ರಲ್ಲೇ ಕಂಪನಿಗಳಿಗೆ ಹೇಳಿತ್ತು. ಹಾಗೆ ಬಲವಂತದಿಂದ ನಡೆದ ಅಧ್ಯಯನಗಳಲ್ಲಿ ಅಚ್ಚರಿ ಕಾದಿತ್ತು. 2015ರಲ್ಲಿ 7,020 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಎಂಪಾಗ್ಲಿಫ್ಲೋಜಿನ್ ಅನ್ನುವ ಹೊಸ ಶುಗರ್ ಮಾತ್ರೆ ತಗೊಂಡವರ ಹೃದಯ ಸಂಬಂಧಿ ಸಾವು 38% ಕಡಿಮೆಯಾಗಿತ್ತು. 2019ರಲ್ಲಿ ಅದೇ ಜಾತಿಯ ಕೆನಾಗ್ಲಿಫ್ಲೋಜಿನ್ ಕಿಡ್ನಿ ಹಾಳಾಗುವುದನ್ನು ನಿಧಾನಿಸುತ್ತದೆ ಎಂದು ಗೊತ್ತಾಯಿತು. ಎಂಪಾಗ್ಲಿಫ್ಲೋಜಿನ್ನಿನ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ.

ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹಾಗಾಗಿ ಗುಪ್ತಾಂಗದಲ್ಲಿ ತುರಿಕೆ, ಸೋಂಕು ಆಗಬಹುದು. ನಾಚಿಕೆಯಿಂದ ಮುಚ್ಚಿಡದೆ ಹೇಳಬೇಕು. ವಾಂತಿ-ಭೇದಿ ಇದ್ದಾಗ, ಉಪವಾಸವಿದ್ದಾಗ, ಆಪರೇಷನ್‌ಗೆ ಮೊದಲು ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು. ಇವು ಯಾರಿಗೆ ಬೇಕು ಎಂದು ನಿರ್ಧರಿಸಲು ಎಚ್‌ಬಿಎ1ಸಿ ಒಂದೇ ಸಾಲದು. ಹೃದಯದ ಸ್ಥಿತಿ, ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎಲ್ಲ ನೋಡಬೇಕು. ನಮ್ಮಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದು ಆ ಮೂತ್ರದ ಪರೀಕ್ಷೆಯೇ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸುವಾಗ, ಪಾದ ಮುಟ್ಟಿಸಿ ಪರೀಕ್ಷಿಸುವಾಗ, ಜೊತೆಗೆ ಇದನ್ನೂ ಬರೆದುಕೊಡಿ ಎಂದು ನೀವೇ ಕೇಳಿ.